ಹಳದಿ ಗುಂಡಿ, ಅಟ್ಟದ ಏಣಿ

ಕೊಬ್ಬರಿ ಒಡೆಯುವಾಗ ಚಿಪ್ಪಿನ ಚೂರು ಹಾರಿ ನಮ್ಮ ಯಜಮಾನರ ಎಡಗಣ್ಣು ಹೋಯಿತು. ಇನ್ನೊಂದು ಕಣ್ಣು ಚೆನ್ನಾಗಿದೆ, ಹತ್ತಿರ ದೂರದ ಅಂದಾಜು ಮಾತ್ರ ಸ್ವಲ್ಪ ದಿನ ತಪ್ಪುತ್ತದೆ, ಆಮೇಲೆ ರೂಢಿಯಾಗುತ್ತದೆ ಎಂದರು ತಿಪಟೂರಿನ ಡಾಕ್ಟರು. ರೂಢಿಯಾಗುವುದು ಹೇಗೆ ಎಂದು ಅವರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಮನೆಗೆ ಬಂದು ಇವರು ಲೋಟದ ಪಕ್ಕಕ್ಕೆ ಕಾಫಿ ಬಗ್ಗಿಸಿದರು. ಬಾಗಿಲ ಚಿಲಕ ಇರುವುದಕ್ಕಿಂತ ಒಂದು ಗೇಣು ಈಚೆಗೆ ಕೈ ಹಾಕಿದರು. ನಾನು ನೋಡಿಯೂ ನೋಡದ ಹಾಗೆ ಕಾಫಿ ಒರೆಸಿದೆ.

ಅಟ್ಟದ ವಿಷಯ ಹಾಗೆ ಒರೆಸಿ ಮುಗಿಸುವಂಥದ್ದಲ್ಲ. ನಮ್ಮ ಕಡೆ ಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ, ಹೆಚ್ಚುಕಡಿಮೆ ವರ್ಷ ಒಣಗಲು ಬಿಡುತ್ತೇವೆ. ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟಿತೆಂದರೆ ಅಲ್ಲಾಡಿಸಿದಾಗ ಗಡಗಡ ಎನ್ನುತ್ತದೆ. ಆ ಸದ್ದಿನ ಹುಚ್ಚು ಇವರಿಗೆ ಮದುವೆಗಿಂತ ಮುಂಚಿನದು. ಕಾಫಿ ಕುಡಿದು ಅಟ್ಟ ಹತ್ತಿದರೆ ಹೆಂಡತಿ ಇದ್ದಾಳೆ ಎನ್ನುವುದೂ ಮರೆತುಹೋಗುತ್ತಿತ್ತು. ಆಸ್ಪತ್ರೆಯಿಂದ ಬಂದ ವಾರದಲ್ಲೇ ಏಣಿ ಹತ್ತಲು ಹೋದರು. ಮೆಟ್ಟಿಲಿಗೆಂದು ಇಟ್ಟ ಕಾಲು ಗಾಳಿಗೆ ಹೋಯಿತು. ಕೆಳಗೆ ಖಾಲಿ ಚೀಲದ ರಾಶಿ ಇದ್ದದ್ದರಿಂದ ಸೊಂಟ ಉಳಿಯಿತು.

ಅವತ್ತಿನಿಂದ ಏಣಿಯ ಹತ್ತಿರ ಸುಳಿಯಲಿಲ್ಲ. ಆಳು ಹತ್ತಿದರೆ ಕೆಳಗಿನಿಂದ ರೇಗುವುದು, ನಾನು ಕೈ ಹಿಡಿಯಲು ಹೋದರೆ ಕೊಡವಿಕೊಳ್ಳುವುದು. ನನಗೂ ಕೋಪ ಮೂಗಿನ ತುದಿಯಲ್ಲೇ. ಹತ್ತದಿದ್ದರೆ ಅಷ್ಟೇ ಹೋಯಿತು, ಇರುವ ಒಂದು ಕಣ್ಣಾದರೂ ಉಳಿಯಲಿ ಎಂದುಬಿಟ್ಟೆ. ಆಮೇಲೆ ಮಾತೂ ಕಡಿಮೆಯಾಯಿತು. ಅಟ್ಟದ ಕೆಳಗೆ ಕುರ್ಚಿ ಹಾಕಿಕೊಂಡು ಇವರು ಸುಮ್ಮನೆ ಕೂತಿರುತ್ತಿದ್ದರು.

ದಸರಾ ರಜೆಗೆ ಮಗಳು ಬಂದಳು. ತುರುವೇಕೆರೆಯಲ್ಲಿ ಟೀಚರು. ಗೆಳತಿಯ ಮನೆಯ ಮೂಲೆಯಲ್ಲಿ ಬಿದ್ದಿದ್ದ ಹಳೆಯ ವಿಡಿಯೋ ಗೇಮೊಂದನ್ನು ಹೊತ್ತು ತಂದಿದ್ದಳು. ಅದರ ವೈರು ಈಗಿನ ತೆಳ್ಳನೆ ಟಿವಿಗಳಿಗೆ ಕೂರುವುದಿಲ್ಲವಂತೆ, ನಮ್ಮ ಡಬ್ಬಾ ಟಿವಿಗೆ ಕೂರುತ್ತದಂತೆ. ಅಂತೂ ನಮ್ಮ ಟಿವಿಗೂ ಒಂದು ಮರ್ಯಾದೆ ಬಂತು. ಅವಳು ಹುಟ್ಟಿದ ಕಾಲದ ಆಟ. ಮೊದಲೆಲ್ಲ ಆಟದ ಮನುಷ್ಯರು ಗೋಡೆ ಮೇಲಿನ ಇರುವೆಯ ಹಾಗೆ ಎಡಕ್ಕೋ ಬಲಕ್ಕೋ ಓಡಬೇಕಿತ್ತು. ಚಿತ್ರದ ಒಳಕ್ಕೆ, ಹಿಂದಕ್ಕೆ, ಸುತ್ತಲೂ ಓಡಾಡಲು ಬಿಟ್ಟ ಮೊದಮೊದಲ ಆಟ ಇದು, ಆಗ ಜನ ಬಾಯಿ ಬಿಟ್ಟುಕೊಂಡು ನೋಡಿದ್ದರು ಎಂದು ಪಾಠ ಮಾಡಿದಳು. ಇವರಿಗೆ ಅದೆಲ್ಲ ಬೇಕಿರಲಿಲ್ಲ. ಮಗಳ ಮಾತು ತೆಗೆದುಹಾಕಲಾರದೆ, ಮೂರು ಕೊಂಬಿನ ಆ ರಿಮೋಟನ್ನು ಕೈಗೆ ತೆಗೆದುಕೊಂಡರು.

ಒಬ್ಬ ಕುಳ್ಳ ಹಲಗೆಯಿಂದ ಹಲಗೆಗೆ ಹಾರಬೇಕು. ಇವರು ಹಾರಿಸಿದರು, ಬಿದ್ದ. ಮತ್ತೆ ಹಾರಿಸಿದರು, ಹಲಗೆಯ ಈಚೆಗೇ ಬಿದ್ದ. ಇಲ್ಲೂ ಅದೇ ಹಣೆಬರಹ ಎಂದು ರಿಮೋಟನ್ನು ನನ್ನ ಮಡಿಲಿಗೆ ಎಸೆದರು. ಇಂಥದ್ದನ್ನು ಯಾಕಾದರೂ ತಂದಳೋ ಎಂದು ಮಗಳ ಮೇಲೆ ನನಗೆ ಸಿಟ್ಟು ಬಂತು. ಎರಡು ಕಣ್ಣಿನ ಜಂಬದಲ್ಲಿ ನಾನೇ ಹಾರಿಸಿದೆ. ಬಿದ್ದ. ಇನ್ನೊಮ್ಮೆ ಹಾರಿಸಿದರೆ ಹಲಗೆ ದಾಟಿ ಆಚೆ ಬಿದ್ದ.

ಇವರು ನನ್ನ ಕಡೆ ತಿರುಗಿದರು. “ನಿಂಗೂ ದೂರ ಗೊತ್ತಾಗಲ್ವೇನೇ?”

“ಇದ್ರಲ್ಲಿ ಯಾರ್ಗೂ ಗೊತ್ತಾಗಲ್ಲ ಕಣಪ್ಪ,” ಎಂದಳು ಮಗಳು.

ಟಿವಿ ಒಳಗೆ ಎಲ್ಲವೂ ಒಂದೇ ಗಾಜಿನ ಮೇಲೆ ಇರುವುದು. ಅಲ್ಲಿ ಕಣ್ಣು ಒಂದಿದ್ದರೂ ಅಷ್ಟೇ, ಎರಡಿದ್ದರೂ ಅಷ್ಟೇ. ಅದಕ್ಕೇ ರಿಮೋಟಿನಲ್ಲಿ ಹಳದಿ ಗುಂಡಿಗಳಿವೆ, ಒತ್ತಿದರೆ ನೋಟ ಪಕ್ಕಕ್ಕೆ ತಿರುಗುತ್ತದೆ, ಹಲಗೆ ಎಷ್ಟು ದೂರ ಎಂದು ಬದಿಯಿಂದ ನೋಡಿಕೊಂಡು ಹಾರಬೇಕು ಎಂದು ತೋರಿಸಿದಳು. ಅಷ್ಟು ದಿನದ ಮೇಲೆ ಇವರು ನಕ್ಕರು. ನಾನು ಸೋತದ್ದಕ್ಕೆ ಮನೆಯಲ್ಲಿ ಅಷ್ಟು ಸಂತೋಷ ಯಾವತ್ತೂ ಆಗಿರಲಿಲ್ಲ.

ಮಗಳು ಆಟವನ್ನು ಇಲ್ಲೇ ಬಿಟ್ಟುಹೋದಳು. ಮಧ್ಯಾಹ್ನ ಊಟವಾದರೆ ಇವರು ಟಿವಿ ಮುಂದೆ. ಆ ಕುಳ್ಳನನ್ನು ತೋಟದ ಆಳಿನ ಹಾಗೆ ಬೈಯುವುದು, ಕರೆಂಟು ಹೋದರೆ ಲೈನ್‌ಮ್ಯಾನನ್ನು ಬೈಯುವುದು. ನಾನು ಬೆಳ್ಳುಳ್ಳಿ ಬಿಡಿಸುತ್ತ ಪಕ್ಕದಲ್ಲೇ ಕೂರುತ್ತಿದ್ದೆ.

ಒಂದು ಬೆಳಿಗ್ಗೆ ಲೋಟದ ಮುಂದೆ ಕೂತು, ಕಾಳು ಕಂಡ ಕೋಳಿಯ ಹಾಗೆ ತಲೆಯನ್ನು ಆಚೆ ಈಚೆ ವಾಲಿಸುತ್ತಿದ್ದರು. ಇದೇನು ಹೊಸ ಕಾಯಿಲೆಯೋ ಎಂದು ನನ್ನ ಜೀವ ಬಾಯಿಗೆ ಬಂತು. ಹಳದಿ ಗುಂಡಿ ಒತ್ತುತ್ತಿದ್ದೇನೆ ಎಂದರು. ತಲೆ ಸರಿಸಿದರೆ ಹತ್ತಿರದ್ದು ಹೆಚ್ಚು ಸರಿಯುತ್ತದೆ, ದೂರದ್ದು ಕಡಿಮೆ, ಅದರಲ್ಲೇ ಅಂದಾಜು ಸಿಗುತ್ತದಂತೆ. ಕಾಫಿ ಲೋಟದೊಳಕ್ಕೇ ಬಿತ್ತು.

ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ನೋಡುತ್ತೇನೆ, ಏಣಿಯ ಬುಡದಲ್ಲಿ ನಿಂತಿದ್ದಾರೆ. ಬೇಡ ಎನ್ನಲು ಬಾಯಿ ತೆರೆದೆ. ಬೇಡ ಎಂದರೆ ಮತ್ತೆ ಆ ಕುರ್ಚಿಯೇ ಗತಿ. ಬಾಯಿ ಮುಚ್ಚಿಕೊಂಡು ಏಣಿಯನ್ನು ಎರಡು ಕೈಯಲ್ಲೂ ಹಿಡಿದೆ. ಒಂದೊಂದು ಮೆಟ್ಟಿಲಿಗೂ ತಲೆ ವಾಲಿಸಿ, ನೋಡಿ, ಕಾಲಿಟ್ಟು ಹತ್ತಿದರು. ಸ್ವಲ್ಪ ಹೊತ್ತಿಗೆ ಮೇಲಿನಿಂದ ಕಾಯಿ ಅಲ್ಲಾಡಿಸುವ ಸದ್ದು ಕೇಳಿತು. ನನಗೆ ಅಳು ಬಂತು. ಸೆರಗಿನಲ್ಲಿ ಒರೆಸಿಕೊಳ್ಳೋಣವೆಂದರೆ ಏಣಿ ಬಿಡುವ ಧೈರ್ಯವಿರಲಿಲ್ಲ.

ಇಳಿಯುವಾಗಲೂ ಅಷ್ಟೇ ನಿಧಾನ. ಕೊನೆಯ ಮೆಟ್ಟಿಲಲ್ಲಿ ನಿಂತು, ನನ್ನ ಕಡೆ ತಿರುಗಿ, ಮತ್ತೆ ತಲೆಯನ್ನು ಆಚೆ ಈಚೆ ವಾಲಿಸಿದರು.

“ಯಾಕ್ರೀ ಹಂಗ್ ನೋಡ್ತೀರಾ?” ಎಂದೆ.

“ನೀನು ಎಷ್ಟು ದೂರ ಇದೀಯ ಅಂತ ನೋಡ್ತಿದೀನಿ ಕಣೇ,” ಎಂದು ಕೈ ಚಾಚಿದರು. ಆ ಕೈ ನೇರವಾಗಿ ನನ್ನ ಕೈಗೇ ಬಂತು.