ಬೆಚ್ಚಗಿನ ಗೋಡೆ

ಕಸ್ತೂರಮ್ಮನನ್ನು ಮೊದಲ ಸಲ ನೋಡಿದ ಯಾವ ವ್ಯಾಪಾರಿಯೂ ಆಕೆಗೆ ಒಳ್ಳೆಯ ದರ ಕಟ್ಟುತ್ತಿರಲಿಲ್ಲ. ಗಿಡ್ಡ ಆಳು, ಹಣೆಯ ಮೇಲೆ ಅಗಲ ವಿಭೂತಿ. ಮಾತು ಕಡಿಮೆ, ಇದ್ದ ಮಾತಿನಲ್ಲೂ ಅರ್ಧ ಗಿರಾಕಿಯನ್ನು ಗದರಿಸಲಿಕ್ಕೇ ಖರ್ಚು. ಎಲ್ಲಕ್ಕಿಂತ ದೊಡ್ಡ ಐಬೆಂದರೆ ಸುಳ್ಳು ಬಾರದ್ದು. ಗೊಬ್ಬರದಂಗಡಿಯಲ್ಲಿ ಇಂಥ ಮಾಲು ಬಾಳಿಕೆ ಬರುವುದಿಲ್ಲ ಎಂದು ಕೆ.ಬಿ. ಬಡಾವಣೆಯ ಅಂಗಡಿಕಾರರು ತೀರ್ಮಾನಿಸಿದ್ದರು. ಗಂಡ ತೀರಿಕೊಂಡ ಮೇಲೆ ಮೈದುನ ಮಹಾಂತೇಶನ ಜೊತೆ ಗಲ್ಲೆಯ ಮುಂದೆ ಕೂತವಳು ಮಾತ್ರ ಏಳಲೇ ಇಲ್ಲ. ತೀರ್ಮಾನಿಸಿದವರಲ್ಲೇ ಕೆಲವರು ಅಂಗಡಿ ಮುಚ್ಚಿ ಹೋದರು.

ದಾವಣಗೆರೆ ಜಿಲ್ಲೆಯಾದ ಹೊಸತರಲ್ಲಿ ಆಕೆ ಯೂರಿಯಾದ ಜೊತೆಗೆ ಜೀವಾಣು ಗೊಬ್ಬರವನ್ನೂ ಇಟ್ಟಳು. ಅಂಗೈಯಗಲದ ಪೊಟ್ಟಣ, ಒಳಗೆ ಕರಿ ಪುಡಿ. ಬೆಲ್ಲದ ನೀರಿನಲ್ಲಿ ಕಲಸಿ ಶೇಂಗಾ ಬೀಜಕ್ಕೆ ಸವರಿ, ನೆರಳಲ್ಲಿ ಆರಿಸಿ ಬಿತ್ತಬೇಕು. ಪುಡಿಯಲ್ಲಿರುವ ಕಣ್ಣಿಗೆ ಕಾಣದ ಜೀವಿಗಳು ಬೇರಿನಲ್ಲಿ ಗಂಟು ಕಟ್ಟಿಕೊಂಡು ಗಾಳಿಯ ಸಾರಜನಕವನ್ನು ಗಿಡಕ್ಕೆ ಉಣಿಸುತ್ತವೆ. ಉಂಡ ಗಿಡ ಬಲವಾಗಿ ಬೇರು ಬಿಟ್ಟು, ಮಳೆ ಕೈಕೊಟ್ಟರೂ ಸ್ವಲ್ಪ ದಿನ ತಡೆದುಕೊಳ್ಳುತ್ತದೆ. ಕೂಲಿ ಕೇಳದ, ಚಹಾ ಕೇಳದ ಆಳುಗಳನ್ನು ಎಲ್ಲಿಂದ ಹಿಡಿದು ತಂದೆಯವ್ವಾ ಎಂದು ಬಜಾರು ನಕ್ಕಿತು.

ಆಕೆ ನಗಲಿಲ್ಲ. ಬೇರೆ ಯಾವ ಜೀವಿಯೂ ಉಳಿಯದಂತೆ ಹೊಳೆಯ ಮರಳನ್ನು ಚೆನ್ನಾಗಿ ಕುದಿಸಿ, ಎಣ್ಣೆ ಡಬ್ಬಿಗಳಿಗೆ ತುಂಬಿ, ಗೋದಾಮಿನ ಪೊಟ್ಟಣದ ಪುಡಿ ಸವರಿದ ಬೀಜ ಊರಿ ಅಂಗಡಿಯ ಮಾಳಿಗೆ ಮೇಲೆ ಸಾಲಾಗಿ ಇಡುತ್ತಿದ್ದಳು. ಗಿಡ ಎದ್ದ ಮೇಲೆ ಕಿತ್ತು ಬೇರಿನ ಗಂಟನ್ನು ಉಗುರಿನಿಂದ ಸೀಳುವಳು. ಒಳಗೆ ಕೆಂಪಗಿದ್ದರೆ ಜೀವ ಕೆಲಸ ಮಾಡುತ್ತಿದೆ ಎಂದರ್ಥ. ಹೊಳೆಯಾಚೆಯ ರೈತ ಗೋಣೆಪ್ಪ ಆ ಕೆಂಪು ನೋಡಿಯೇ ಯೂರಿಯಾ ಕಡಿಮೆ ಮಾಡಿದ್ದು. ಬೆಳೆ ಬಂದ ಮೇಲೆ ಊರಿಗೆಲ್ಲ ಹೇಳಿಕೊಂಡು ತಿರುಗಿದ. ಮರುವರ್ಷ ಮುಂಗಾರಿಗೆ ಮುಂಚೆಯೇ ಊರಿನ ಪರವಾಗಿ ಬಂದು ಪೊಟ್ಟಣಗಳನ್ನು ಒಯ್ದ.

ಅವನು ಒಯ್ದ ಮೇಲೆ ಒಂದು ಮಧ್ಯಾಹ್ನ ಕಸ್ತೂರಮ್ಮ ಮಾಳಿಗೆಗೆ ಹೋಗಿ ಗಿಡ ಕಿತ್ತಳು. ಬೇರು ತೊಳೆದಿಟ್ಟಷ್ಟು ಸ್ವಚ್ಛವಾಗಿತ್ತು. ಇನ್ನೊಂದು ಕಿತ್ತಳು. ಒಂದು ಗಂಟೂ ಇಲ್ಲ. ಎಲೆ ಮಾತ್ರ ಏನೂ ಆಗದವರ ಹಾಗೆ ಹಸಿರಾಗಿ ನಿಂತಿತ್ತು.

ನೇರ ಗೋದಾಮಿಗೆ ಹೋದಳು. ಅದರ ಹಿಂದಿನ ಗೋಡೆಗೆ ಅಂಟಿಕೊಂಡೇ ಮಕ್ತುಮ್ ಸಾಬ್‌ನ ಮಂಡಕ್ಕಿ ಭಟ್ಟಿ. ಆಕೆಯ ಮಾವನ ಕಾಲದಿಂದ ಯೂರಿಯಾ ಚೀಲಗಳನ್ನು ಆ ಗೋಡೆಗೇ ಒಟ್ಟುವುದು ಆ ಮನೆಯ ಪದ್ಧತಿ. ಬೆಂಕಿಯ ಕಾವಿಗೆ ಗೋಡೆ ಒಣಗಿರುತ್ತದೆ, ಥಂಡಿ ಹಿಡಿದು ಗೊಬ್ಬರ ಗಡ್ಡೆ ಕಟ್ಟುವುದಿಲ್ಲ. ಬೇಸಿಗೆಯ ಮೊದಲ ಮೋಡ ಕವಿಯುತ್ತಲೇ, ಗೋಣೆಪ್ಪ ಒಯ್ಯುವ ಎಷ್ಟೋ ಮುಂಚೆ, ಮಹಾಂತೇಶ, ದುಬಾರಿ ಮಾಲು ಕೆಡಬಾರದೆಂದು, ಜೀವಾಣು ಪೊಟ್ಟಣಗಳ ಪೆಟ್ಟಿಗೆಗಳನ್ನೂ ಅಕ್ಕರೆಯಿಂದ ಅಲ್ಲಿಗೇ ಸರಿಸಿದ್ದ.

ಆಕೆ ಗೋಡೆಗೆ ಅಂಗೈ ಇಟ್ಟಳು. ಮಲಗಿದ ದನದ ಮೈಯಂತೆ ಬೆಚ್ಚಗಿತ್ತು. ಆಚೆ ಮರಳಿನಲ್ಲಿ ಮಂಡಕ್ಕಿ ಚಟಪಟ ಸಿಡಿಯುತ್ತಿತ್ತು. ಯೂರಿಯಾ ಕಾಯ್ದ ಈ ಕಾವೇ ಪುಡಿಯೊಳಗಿನ ಜೀವಿಗಳನ್ನು ಕೊಂದಿತ್ತು. ಪೊಟ್ಟಣ ಒಡೆದು ಮೂಸಿದಳು. ಅದೇ ಬಣ್ಣ, ಅದೇ ಮಣ್ಣಿನ ವಾಸನೆ. ಸತ್ತದ್ದಕ್ಕೂ ಬದುಕಿದ್ದಕ್ಕೂ ಕೂದಲೆಳೆಯ ವ್ಯತ್ಯಾಸವಿಲ್ಲ.

ಮಹಾಂತೇಶ ಲೋಕ ಬಲ್ಲವನು. "ಅತ್ತಿಗಿ, ನೆಲದಾಗ ಇಳಿದು ಯಾರು ನೋಡ್ತಾರ? ಬೆಳಿ ಸೊರಗಿದ್ರ ಮಳಿ ಮ್ಯಾಲೆ ಹಾಕ್ತಾರ. ಸುಮ್ನ ಕೂಡ್ರಿ."

"ಯಾರೂ ನೋಡಂಗಿಲ್ಲ ಅಂತನ ಹೆದ್ರಿಕಿ ಆಗ್ತೈತೆ," ಎಂದಳು. ಚಪ್ಪಲಿ ಮೆಟ್ಟಿ ಬಸ್‌ಸ್ಟ್ಯಾಂಡಿನ ದಾರಿ ಹಿಡಿದಳು.

ಹರಿಹರದ ಸೇತುವೆ ದಾಟುವಾಗ ಹೊಳೆಯ ಮೇಲೆ ಆಕಾಶ ಕಪ್ಪಾಗಿ ಜೋತುಬಿದ್ದಿತ್ತು. ಗಾಳಿ ಸತ್ತುಹೋಗಿತ್ತು. ಬಿತ್ತಲಿಕ್ಕೆ ಇದಕ್ಕಿಂತ ಒಳ್ಳೆಯ ದಿನವಿಲ್ಲ ಎಂದು ಬಸ್ಸಿನಲ್ಲಿ ಎಲ್ಲರೂ ಸಂಭ್ರಮಪಡುತ್ತಿದ್ದರು. ಆಕೆ ಮಾತ್ರ ಇನ್ನೆಷ್ಟು ದೂರವೆಂದು ಕಂಡಕ್ಟರನನ್ನು ಕೇಳುತ್ತಿದ್ದಳು.

ಗೋಣೆಪ್ಪ ಹೊಲದ ಕೆಳಗಿನ ಪಟ್ಟಿಯನ್ನು ಬೆಳಿಗ್ಗೆಯೇ ಬಿತ್ತಿ ಮುಗಿಸಿದ್ದ. ಮಿಕ್ಕ ಬೀಜಕ್ಕೆ ಸವರಲು ಬೆಲ್ಲ ಕದಡುತ್ತ ಕೂತಿದ್ದ. ಊರವರೂ ಪೊಟ್ಟಣ ಹಿಡಿದು ಸುತ್ತ ನಿಂತಿದ್ದರು. ಕಸ್ತೂರಮ್ಮ ನಿಂತಲ್ಲೇ ವಿಷಯ ಹೇಳಿದಳು.

ಗೋಣೆಪ್ಪ ಬೆಲ್ಲದ ಕೈಯನ್ನು ನೆಕ್ಕಿಕೊಂಡ. "ಹೋದ್ವರ್ಷ ಜೀವ ಐತೆ ಅಂದ್ರಿ, ನಂಬಿದ್ವಿ. ಈಗ ಸತ್ತಾವ ಅಂತೀರಿ. ನಮ್ಗ ಹೇಳದ ನೀವೊಬ್ರ ಹೋಗಿ ಮಣ್ಣು ಮಾಡಿ ಬಂದ್ರೇನ್ರಿ ಅಕ್ಕಾರ?"

ಜನ ನಕ್ಕರು. ಆಕೆ ಕಾಯಲಿಲ್ಲ. "ನಗಬ್ಯಾಡ ಗೋಣೆಪ್ಪಣ್ಣ. ನಿನ್ನ ಮಾತು ಕೇಳಿ ಇವ್ರೆಲ್ಲ ಯೂರಿಯಾ ಬಿಟ್ಟು ಕುಂತಾರ. ಹೋದ್ವರ್ಷ ಶೇಂಗಾ ಕಿತ್ತ ಹೊಲ ತೋರ್ಸು. ಅಲ್ಲಿ ಮಣ್ಣಾಗ ಇನ್ನೂ ಅವು ಇರ್ತಾವ."

ಹೊಸ ಪೊಟ್ಟಣ ತರಿಸಲು ಹೊತ್ತಿರಲಿಲ್ಲ. ಹಳೆಯ ಶೇಂಗಾ ಹೊಲದ ಹಸಿ ಮಣ್ಣನ್ನು ಅಗೆದು, ಚೀಲ ತುಂಬಿ, ಬಿಸಿಲು ಬೀಳದಂತೆ ಮುಚ್ಚಿ, ಬೀಜದ ಜೊತೆ ಸಾಲಿಗೆ ಉದುರಿಸುವುದೊಂದೇ ದಾರಿ. ಜನ ಗೊಣಗುತ್ತಲೇ ಗುದ್ದಲಿ ಎತ್ತಿದರು. ಕಸ್ತೂರಮ್ಮ ಸೆರಗು ಸಿಕ್ಕಿಸಿ ಚೀಲದ ಬಾಯಿ ಹಿಡಿದಳು. ಕೊನೆಯ ಚೀಲ ಖಾಲಿಯಾಗುವ ಮೊದಲೇ ದಪ್ಪ ಹನಿ ಬಿದ್ದವು.

ಆ ಮಳೆ ಬಂದದ್ದೇ ಬಂದದ್ದು, ಆಮೇಲೆ ಮುಖ ತಿರುಗಿಸಿತು. ಬರಬರುತ್ತಾ ಗೋಣೆಪ್ಪನ ಕೆಳಗಿನ ಪಟ್ಟಿ ಕಾಮಾಲೆಯಾದವನ ಕಣ್ಣಿನಂತೆ ಹಳದಿಯಾಯಿತು. ಪಕ್ಕದಲ್ಲೇ ಹಳೆ ಮಣ್ಣು ಉಂಡ ಸಾಲುಗಳು ಮಧ್ಯಾಹ್ನ ಬಾಡಿ, ಸಂಜೆಗೆ ತಲೆ ಎತ್ತುತ್ತಾ ಹೇಗೋ ಮುಂದಿನ ಮಳೆಯವರೆಗೆ ಜೀವ ಹಿಡಿದವು. ಅಂದು ಆಕೆ ಗಲ್ಲೆಯ ಮುಂದೆ ಸುಮ್ಮನೆ ಕೂತಿದ್ದರೆ ಊರಿಗೆ ಊರೇ ಆ ಪಟ್ಟಿಯ ಬಣ್ಣಕ್ಕೆ ತಿರುಗುತ್ತಿತ್ತು. ಬೈಸಿಕೊಳ್ಳುತ್ತಿದ್ದದ್ದು ಮಳೆ.

ತನ್ನ ಮಾಲು ಸತ್ತಿದೆ ಎಂದು ತಾನೇ ಸಾರಿದವಳ ಅಂಗಡಿಗೆ ಒಂದು ಹಂಗಾಮು ಗಿರಾಕಿ ಬರಲಿಲ್ಲ. ಬಜಾರಿನ ಲೆಕ್ಕದಲ್ಲಿ ಅದು ನ್ಯಾಯವೇ. ಕಸ್ತೂರಮ್ಮ ಆ ಗೋದಾಮು ಖಾಲಿ ಮಾಡಿದಳು. ತಿಂಗಳೊಳಗೆ ಇನ್ನೊಬ್ಬ ಗೊಬ್ಬರದ ವ್ಯಾಪಾರಿ ಬಾಡಿಗೆಗೆ ಹಿಡಿದ. ಗೋಡೆಯ ಸಂಗತಿಯನ್ನು ಆಕೆ ಹೋಗಿ ಹೇಳಿದಾಗ ಅವನು ಚಹಾ ತರಿಸಿ ಕೊಟ್ಟು, ಎಲ್ಲಾ ಕೇಳಿಸಿಕೊಂಡ. ಅವನ ಜೀವಾಣು ಪೊಟ್ಟಣಗಳ ಪೆಟ್ಟಿಗೆಗಳು ಈಗಲೂ ಆ ಗೋಡೆಗೇ ಒರಗಿವೆ. ಭಟ್ಟಿ ಉರಿಯುತ್ತಲೇ ಇದೆ.

ಇದನ್ನು ಬರೆದವನ ಹೊಲವೂ ಹೊಳೆಯ ಆಚೆಗೇ ಇದೆ. ಆ ದಿನ ಆಕೆ ಹೊರಿಸಿ ಕಳಿಸಿದ ಮಣ್ಣು ಅಲ್ಲಿಗೂ ಬಂತು. ಕಸ್ತೂರಮ್ಮನಿಗೆ ನಾನು ಕೊಡಬೇಕಾದ ಬಾಕಿ, ಒಂದು ಚೀಲ ಜೀವಂತ ಮಣ್ಣು.