ಸಾಕ್ಷಿ ಹೇಳಿದ ಮೇಲಿನ ಮಾತ್ರೆಗಳು

ಮೊದಲು ಬಂದದ್ದು ಕೆಮ್ಮು. ಅದನ್ನು ನಾನು ಕಾಯಿಲೆ ಎಂದು ಒಪ್ಪಲಿಲ್ಲ.

ತೆಲುಗು ನಾಡಿನ ಈ ಸನತ್‌ನಗರದಲ್ಲಿ ಕೆಮ್ಮದವರು ಯಾರಿದ್ದಾರೆ? ಕಾರ್ಖಾನೆಗಳ ಹೊಗೆ, ಲಾರಿಗಳ ಧೂಳು, ಎಲ್ಲವೂ ಕಿಟಕಿಯಿಂದಲೇ ಒಳಗೆ ಬರುತ್ತವೆ. ನನ್ನ ಹೆಂಡತಿ ವಿಮಲಾ ಕೆಮ್ಮಲು ಶುರುಮಾಡಿದಾಗ ನಾನು ಮೊದಲು ಸೊಳ್ಳೆಬತ್ತಿಯ ಮೇಲೆ ಅನುಮಾನಪಟ್ಟೆ. ಆಮೇಲೆ ಪಕ್ಕದ ಮನೆಯ ಮೆಣಸಿನಕಾಯಿ ಒಗ್ಗರಣೆಯ ಮೇಲೆ. ಮೂರನೆಯ ವಾರ ಅವಳ ಮೇಲೆಯೇ ಅನುಮಾನ ಬಂತು. ಮಗಳ ಬಾಣಂತನಕ್ಕೆ ಊರಿಗೆ ಹೋಗಿ ಎರಡು ತಿಂಗಳು ದುಡಿದು ಬಂದಿದ್ದಳು, ಈಗ ಕೆಲಸ ತಪ್ಪಿಸಿಕೊಳ್ಳಲು ನೆಪ ಹುಡುಕುತ್ತಿದ್ದಾಳೆ ಎಂದುಕೊಂಡೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ.

ನನ್ನ ಕೆಲಸವೇ ಅಂಥದ್ದು. ಸಣ್ಣ ಕಾರ್ಖಾನೆಯೊಂದರಲ್ಲಿ ತಯಾರಾದ ವಾಲ್ವ್‌ಗಳನ್ನು ತಪಾಸಣೆ ಮಾಡಿ, ಕೆಟ್ಟದ್ದನ್ನು ಬೇರೆ ಇಡುವವನು ನಾನು. ಇಪ್ಪತ್ತಾರು ವರ್ಷ ಒಳ್ಳೆಯದರಲ್ಲಿ ಕೆಟ್ಟದ್ದನ್ನೇ ಹುಡುಕಿದವನು ಮನೆಗೆ ಬಂದ ಕೂಡಲೇ ಬೇರೆ ಮನುಷ್ಯನಾಗುವುದಿಲ್ಲ. "ಮೊಸರಾಗ ಕಲ್ಲು ಹುಡುಕೋದು ಬಿಡ್ರಿ," ಎಂದು ವಿಮಲಾ ಮದುವೆಯಾದಾಗಿನಿಂದ ಹೇಳುತ್ತಲೇ ಇದ್ದಾಳೆ.

ಸಂಜೆ ಹೊತ್ತು ಸಣ್ಣ ಜ್ವರ ಬರತೊಡಗಿತು. ರವಿಕೆಗಳು ಸಡಿಲವಾದವು. ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಎಕ್ಸ್‌ರೇ ಆಯಿತು, ಕಫದ ಟೆಸ್ಟ್ ಆಯಿತು.

ಟಿ.ಬಿ.

ಡಾಕ್ಟರಮ್ಮನ ಎದುರು ವಿಮಲಾ ಏನೂ ಕೇಳಲಿಲ್ಲ. ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಕೇಳಿದಳು.

"ಇದು ಯಾವ ಪಾಪಕ್ಕ ಬಂತ್ರಿ?"

ನಾವು ಗದಗ-ಬೆಟಗೇರಿ ಕಡೆಯ ಕ್ರೈಸ್ತರು. ನನ್ನ ಮುತ್ತಜ್ಜನ ಕಾಲದಿಂದ ಸಭೆಗೆ, ಅಂದರೆ ಚರ್ಚಿಗೆ, ಹೋಗುವ ಮನೆತನ. ಎಲ್ಲರೂ ಪಾಪಿಗಳೇ, ಯಾರೂ ತಮ್ಮ ಒಳ್ಳೆಯತನದಿಂದ ಪಾರಾಗುವುದಿಲ್ಲ, ಕೃಪೆಯೊಂದೇ ದಾರಿ ಎಂದು ಚಿಕ್ಕಂದಿನಿಂದ ಕೇಳಿದ್ದೇವೆ. ಇಂಥ ಪಾಪಕ್ಕೆ ಇಂಥ ಕಾಯಿಲೆ ಎಂದು ನಮಗೆ ಯಾರೂ ಕಲಿಸಿಲ್ಲ. ಆದರೂ ಮೈಗೆ ಕಷ್ಟ ಬಂದಾಗ ಮನಸ್ಸು ಕಲಿತದ್ದನ್ನು ಮರೆತು ತನ್ನ ಹಳೆಯ ದಾರಿಯನ್ನೇ ಹಿಡಿಯುತ್ತದೆ. ಅವಳು ತಾನು ಅತ್ತೆಗೆ ಎದುರು ಮಾತಾಡಿದ್ದನ್ನು, ತಂಗಿಯ ಮೇಲೆ ಹೊಟ್ಟೆಕಿಚ್ಚು ಪಟ್ಟದ್ದನ್ನು ಒಂದೊಂದಾಗಿ ನೆನೆಸಿಕೊಂಡು ಅತ್ತಳು. ನಾನು ಸಮಾಧಾನ ಮಾಡಲಿಲ್ಲ. ಇವಳಿಗೆ ಇದನ್ನು ಯಾರು ಅಂಟಿಸಿದರು ಎಂದು ಯೋಚಿಸುತ್ತಿದ್ದೆ.

ಆರು ತಿಂಗಳು ಮಾತ್ರೆ. ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ. ಮೂತ್ರ ಕಿತ್ತಳೆ ಬಣ್ಣವಾಗುತ್ತದೆ, ಹೆದರಬೇಡಿ ಎಂದು ಮೊದಲೇ ಹೇಳಿದ್ದರು. ಆದರೂ ಮೊದಲ ದಿನ ಅವಳು ಹೆದರಿ ನನ್ನನ್ನು ಕೂಗಿದಳು. ವಾಂತಿಯಾಗುತ್ತಿತ್ತು. ಕೀಲು ನೋಯುತ್ತಿದ್ದವು. ನಾನು ಬೆಳಿಗ್ಗೆ ಗಂಜಿ ಮಾಡುವುದನ್ನು ಕಲಿತೆ, ಅವಳು ಅದನ್ನು ಬೈಯುತ್ತಲೇ ಕುಡಿದಳು. ಎರಡು ತಿಂಗಳಾದ ಮೇಲೆ ಕಫದಲ್ಲಿ ಕ್ರಿಮಿ ಕಾಣಲಿಲ್ಲ. ಇನ್ನೂ ನಾಲ್ಕು ತಿಂಗಳು ಬಿಡದೆ ತೆಗೆದುಕೊಳ್ಳಬೇಕು ಎಂದು ಡಾಕ್ಟರಮ್ಮ ಎರಡು ಸಲ ಹೇಳಿದರು.

ಆ ಭಾನುವಾರ ವಿಮಲಾ ಸಾಕ್ಷಿ ಹೇಳಲು ಎದ್ದಳು.

ನಮ್ಮ ಕನ್ನಡದವರ ಸಭೆ ಚಿಕ್ಕದು. ತೆಲುಗಿನವರ ಆರಾಧನೆ ಮುಗಿದ ಮೇಲೆ ಅದೇ ಹಾಲ್‌ನಲ್ಲಿ ನಾವು ಐವತ್ತು ಜನ ಸೇರುತ್ತೇವೆ. ಹಾಡು ಮುಗಿದು ನಮ್ಮ ಪಾಸ್ಟರ್ ಅವರ ಪ್ರಸಂಗ ಶುರುವಾಗುವ ಮೊದಲು ಸಾಕ್ಷಿಯ ಹೊತ್ತು. ದೇವರು ತನಗೆ ಮಾಡಿದ ಉಪಕಾರವನ್ನು ಯಾರಾದರೂ ಎದ್ದು ನಿಂತು ಹೇಳಬೇಕು, ಉಳಿದವರು "ಸ್ತೋತ್ರ" ಎನ್ನಬೇಕು. ಹೇಳಿದವರ ಮನೆಯಿಂದ ಅವತ್ತು ಎಲ್ಲರಿಗೂ ಚಹಾ, ಉಸ್ಮಾನಿಯಾ ಬಿಸ್ಕತ್ತು. ಒಮ್ಮೆ ಹೇಳಿದ ಸಾಕ್ಷಿಯನ್ನು ಯಾರೂ ವಾಪಸ್ ತೆಗೆದುಕೊಂಡದ್ದನ್ನು ನಾನು ಕಂಡಿಲ್ಲ.

"ಕರ್ತನು ನನ್ನನ್ನ ಪೂರ್ತಿ ವಾಸಿ ಮಾಡ್ಯಾನ," ಎಂದಳು ವಿಮಲಾ.

ಸ್ತೋತ್ರ, ಎಂದಿತು ಸಭೆ. ಪಾಸ್ಟರ್ ಕಣ್ಣು ಮುಚ್ಚಿ ಕೈ ಎತ್ತಿದರು. ನನಗೆ 'ಪೂರ್ತಿ' ಎಂಬ ಮಾತು ಚುಚ್ಚಿತು. ಡಾಕ್ಟರಮ್ಮ ಆ ಮಾತು ಹೇಳಿರಲಿಲ್ಲ. ಆದರೆ ಬಿಸ್ಕತ್ತು ಹಂಚುವ ಗಡಿಬಿಡಿಯಲ್ಲಿದ್ದೆ.

ಎರಡು ವಾರ ಕಳೆದಿರಬೇಕು. ಒಂದು ಬೆಳಿಗ್ಗೆ ಅವಳ ನಂತರ ಶೌಚಾಲಯಕ್ಕೆ ಹೋದೆ. ನಮ್ಮ ಫ್ಲಶ್ ಸರಿಯಾಗಿ ಕೆಲಸ ಮಾಡುವುದಿಲ್ಲ.

ಕಿತ್ತಳೆ ಬಣ್ಣ ಇರಲಿಲ್ಲ.

ಮರುದಿನವೂ ಇರಲಿಲ್ಲ. ಮಾತ್ರೆಯ ಪಟ್ಟಿ ನೋಡಿದೆ. ದಿನಕ್ಕೆ ಎಷ್ಟು ಖಾಲಿಯಾಗಬೇಕೋ ಅಷ್ಟೇ ಖಾಲಿಯಾಗಿತ್ತು. ಅಂದರೆ ಅವಳು ಮಾತ್ರೆಗಳನ್ನು ಬಿಡಿಸಿ ಎಲ್ಲೋ ಎಸೆಯುತ್ತಿದ್ದಾಳೆ. ನನಗೆ ತಿಳಿಯಬಾರದೆಂದೇ ಪಟ್ಟಿ ಖಾಲಿ ಮಾಡುತ್ತಿದ್ದಾಳೆ. ಇದರ ಹಿಂದೆ ಪಾಸ್ಟರ್ ಇದ್ದಾರೆ ಎಂದು ನನಗೆ ಖಾತ್ರಿಯಾಯಿತು. ಕೈ ಇಟ್ಟು ಪ್ರಾರ್ಥನೆ ಮಾಡಿ, ಇನ್ನು ಗುಳಿಗೆ ನುಂಗಿದರೆ ಅದು ಅವಿಶ್ವಾಸ ಎಂದು ಹೇಳಿರಬೇಕು. ಅಂಥವರ ಸುದ್ದಿ ಕೇಳಿದ್ದೆ.

ನಾನು ಅವಳನ್ನು ಕೇಳಲಿಲ್ಲ. ಹದಿನೆಂಟು ದಿನ ತುಟಿ ಪಿಟಕ್ಕೆನ್ನಲಿಲ್ಲ. ಬೆಳಿಗ್ಗೆ ಅವಳು ನನ್ನ ಮುಂದೆ ನೀರಿನ ಲೋಟ ಹಿಡಿದು ಅಡುಗೆಮನೆಗೆ ಹೋಗುವಳು. ನಾನು ಪೇಪರ್ ಓದುತ್ತಿರುವಂತೆ ನಟಿಸುತ್ತಿದ್ದೆ. ಯಾಕೆ ಕೇಳಲಿಲ್ಲ ಎಂಬುದನ್ನು ಮುಂದೆ ಹೇಳುತ್ತೇನೆ. ಅದನ್ನು ಹೇಳದಿದ್ದರೆ ಇದನ್ನು ಬರೆಯುವ ಅಗತ್ಯವೇ ಇಲ್ಲ.

ಹತ್ತೊಂಬತ್ತನೆಯ ದಿನ ಅವಳು ಕೆಮ್ಮಿದಾಗ ಬೇಸಿನ್‌ನಲ್ಲಿ ರಕ್ತ ಬಿತ್ತು.

ಮತ್ತೆ ಅದೇ ಆಸ್ಪತ್ರೆ, ಅದೇ ಬೆಂಚು. ಕಫದಲ್ಲಿ ಕ್ರಿಮಿ ಮತ್ತೆ ಕಾಣಿಸಿತ್ತು. ಒಂದು ಡೋಸೂ ತಪ್ಪಿಲ್ಲವೇ ಎಂದು ಡಾಕ್ಟರಮ್ಮ ತೆಲುಗಿನಲ್ಲಿ ಕೇಳಿದರು.

"ಲೇದಂಡಿ," ಎಂದಳು ವಿಮಲಾ. ಇಲ್ಲ ಎಂದು.

ಡಾಕ್ಟರಮ್ಮ ನನ್ನ ಕಡೆ ನೋಡಿದರು. ನಾನೂ ಇಲ್ಲವೆಂದು ತಲೆಯಾಡಿಸಿದೆ.

ಎಲ್ಲವನ್ನೂ ತೆಗೆದುಕೊಂಡೂ ಹೀಗಾಗಿದ್ದರೆ ಈ ಔಷಧಿಗೆ ಕ್ರಿಮಿ ಬಗ್ಗುತ್ತಿಲ್ಲ ಎಂದರ್ಥ, ಎಂದರು ಅವರು. ರೆಸಿಸ್ಟೆನ್ಸ್ ಟೆಸ್ಟ್‌ಗೆ ಕಳಿಸುತ್ತೇನೆ, ಅದು ಪಾಸಿಟಿವ್ ಬಂದರೆ ಚಿಕಿತ್ಸೆ ಬಹಳ ಉದ್ದ, ಬಹಳ ಕಠಿಣ, ಮೈ ತಡೆಯಬೇಕು ಎಂದರು. ನಮ್ಮಿಬ್ಬರ ಸುಳ್ಳನ್ನು ಅವರು ಕೇಸ್‌ಶೀಟ್‌ನಲ್ಲಿ ಬರೆದುಕೊಳ್ಳುವುದನ್ನು ನಾನು ನಿಂತು ನೋಡಿದೆ.

ಅವಳನ್ನು ಮನೆಯಲ್ಲಿ ಬಿಟ್ಟು ನೇರ ಮಣಿಕೊಂಡಕ್ಕೆ ಹೋದೆ. ಪಾಸ್ಟರ್ ಅಲ್ಲಿ ಎರಡು ಕೋಣೆಯ ಬಾಡಿಗೆ ಮನೆಯಲ್ಲಿರುತ್ತಾರೆ. ನನಗಿಂತ ಹತ್ತು ವರ್ಷ ಚಿಕ್ಕವರು. ಬಾಗಿಲಲ್ಲೇ ನಿಂತು ಬಾಯಿಗೆ ಬಂದದ್ದು ಅಂದೆ. ಅವರು ಪೂರ್ತಿ ಕೇಳಿದರು.

"ನಾ ಯಾಕ ಹಂಗ ಹೇಳಲಿ, ಅಣ್ಣಾರ? ನಾನ ದಿನಾ ಶುಗರ್ ಗುಳಿಗಿ ನುಂಗತೀನಿ," ಎಂದರು.

ನಂಬಲಿಲ್ಲ. ಅವರು ಒಳಗೆ ಹೋಗಿ ಗುಳಿಗೆಯ ಡಬ್ಬಿ ತಂದು ತೋರಿಸಿದರು. ಆಗಲೂ ಅದು ಅವರದೇ ಎಂಬುದಕ್ಕೆ ಏನು ಗ್ಯಾರಂಟಿ ಎಂದು ಒಂದು ಕ್ಷಣ ಅನಿಸಿತು.

"ಆದ್ರ ನಂದೂ ತಪ್ಪೈತಿ," ಎಂದರು ಅವರು. "ಅಕ್ಕಾರು 'ಪೂರ್ತಿ' ಅಂದಾಗ ಗುಳಿಗಿ ಬಿಡಬ್ಯಾಡ್ರಿ ಅನ್ನಬೇಕಿತ್ತು. ಖುಷಿಯೊಳಗ ಸ್ತೋತ್ರ ಅಂದು ಕುಂತೆ. ಸಾಕ್ಷಿ ಹೇಳಿದ ಮ್ಯಾಲ ಗುಳಿಗಿ ನುಂಗಿದ್ರ ದೇವರ ಮುಂದ ಸುಳ್ಳಾಗತೈತಿ ಅಂತ ಅವರಿಗೆ ಅನಿಸಿರಬೇಕು. ನಂಬಿಕಿ ಅಂದ್ರ ನಾವು ದೇವರಿಗೆ ಕಟ್ಟೋ ಫೀಸ್ ಅಲ್ರಿ. ನನ್ನ ನಂಬಿಕಿ ಗಟ್ಟಿ ಐತಿ, ಅದಕ್ಕ ನನಗ ರಕ್ಷಣೆ ಅಂದ್ರ, ಅದೂ ನಾ ಮಾಡಿದ ಕೆಲಸನ ಆತಲ್ಲ? ನೀರಾಗ ಬಿದ್ದಾಂವ ಕೈ ಸಡಿಲ ಬಿಟ್ರೂ ಎತ್ತಾಂವ ಬಿಡಂಗಿಲ್ಲ. ಅದು ಕೃಪೆ."

ಆಮೇಲೆ ನಿಧಾನಕ್ಕೆ ಕೇಳಿದರು.

"ಅಣ್ಣಾರ, ನಿಮಗ ಇದು ಯಾವಾಗ ಗೊತ್ತಾತು?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನ ಹಾಗೆ ನಾನು ಏನೇನೋ ಅಂದೆ. ಡ್ಯೂಟಿ ಅಂದೆ, ಖಾತ್ರಿ ಇರಲಿಲ್ಲ ಅಂದೆ. ಬಸ್ಸಿನಲ್ಲಿ ವಾಪಸ್ ಬರುವಾಗ ನನಗೆ ನಾನೇ ಹೇಳಿಕೊಳ್ಳಬೇಕಾಯಿತು.

ನಾನು ಕಾದು ನೋಡುತ್ತಿದ್ದೆ. ಮಾತ್ರೆಯಿಲ್ಲದೆ ಅವಳು ಚೆನ್ನಾಗಿಯೇ ಉಳಿದರೆ ದೇವರು ಇದ್ದಾನೆ, ಕೇಳುತ್ತಾನೆ ಎಂದು ಐವತ್ತೆರಡನೆಯ ವಯಸ್ಸಿನಲ್ಲಾದರೂ ನನಗೆ ಪುರಾವೆ ಸಿಗುತ್ತಿತ್ತು. ಉಳಿಯದಿದ್ದರೆ ನನ್ನ ಅನುಮಾನವೇ ಸರಿಯಾಗುತ್ತಿತ್ತು. ಎರಡರಲ್ಲೂ ನನಗೆ ಸೋಲಿರಲಿಲ್ಲ. ನಾನು ದೇವರನ್ನು ಪರೀಕ್ಷೆಗಿಟ್ಟೆ, ಅದಕ್ಕೆ ಬಳಸಿದ್ದು ನನ್ನ ಹೆಂಡತಿಯ ಎದೆಗೂಡನ್ನು. ಪಾಪ ಎಂಬ ಮಾತನ್ನು ಹುಟ್ಟಿದಾಗಿನಿಂದ ಪ್ರತಿ ಭಾನುವಾರ ಕೇಳಿದ್ದೇನೆ, ಬಾಯಿಪಾಠದ ಹಾಗೆ ಅರಿಕೆಯನ್ನೂ ಮಾಡಿದ್ದೇನೆ. ಅದು ಹೀಗಿರುತ್ತದೆ ಎಂದು ಅವತ್ತು ಬಸ್ಸಿನ ಕಂಬಿ ಹಿಡಿದು ನಿಂತಾಗ ತಿಳಿಯಿತು. ಕೆಟ್ಟದ್ದನ್ನು ಮಾಡಲು ನಾನು ಕೈ ಕೂಡ ಎತ್ತಿರಲಿಲ್ಲ, ಸುಮ್ಮನೆ ಕೂತಿದ್ದೆ.

ಮನೆಯಲ್ಲಿ ಅವಳು ಮಂಚದ ಮೇಲೆ ಗೋಡೆಗೆ ಒರಗಿ ಕುಳಿತಿದ್ದಳು. ನಾನು ನಿಂತುಕೊಂಡೇ ಹೇಳಿದೆ.

"ನೀ ಗುಳಿಗಿ ಬಿಟ್ಟಿದ್ದು ನನಗ ಗೊತ್ತಿತ್ತು. ಹದಿನೆಂಟು ದಿನದಿಂದ."

"ಗೊತ್ತಿತ್ತಂತ ನನಗೂ ಗೊತ್ತಿತ್ರಿ," ಎಂದಳು ಅವಳು. "ನೀವು ಪಟ್ಟಿ ಹಿಡಿದು ನೋಡಾಕತ್ತಿದ್ದನ್ನ ಕಂಡಿದ್ದೆ. ಬೈತೀರಿ ಅಂತ ಕಾದೆ. ಬೈಲಿಲ್ಲ. ಇಷ್ಟು ವರ್ಷಕ್ಕ ನಿಮಗೂ ನಂಬಿಕಿ ಬಂತು ಅಂದ್ಕೊಂಡೆ. ಒಮ್ಮೊಮ್ಮೆ ಅಂಜಿಕಿ ಆಗಿ ಗುಳಿಗಿ ನುಂಗಲೇನು ಅನಸ್ತಿತ್ತು. ನಿಮ್ಮ ಮಾರಿ ನೋಡಿ ಗಟ್ಟಿ ಆಗತಿದ್ದೆ."

ನನ್ನ ಅನುಮಾನವನ್ನು ಅವಳು ನಂಬಿಕೆ ಎಂದು ತಿಳಿದಿದ್ದಳು.

ಹಾಗಾದರೆ ಯಾಕೆ ಬೈಯಲಿಲ್ಲ ಎಂದು ಕೇಳಿದಳು. ಹೇಳಿದೆ, ಏನನ್ನೂ ಬಿಡದೆ. ಅವಳು ಅಳಲಿಲ್ಲ. ಕ್ಷಮಿಸು ಎಂದೆ.

"ಈಗ ಕ್ಷಮಿಸೀನಿ ಅಂತ ಅನ್ನಂಗಿಲ್ರಿ," ಎಂದಳು. "ಅಂದ್ರ ಅದೂ ಸುಳ್ಳು ಸಾಕ್ಷಿ ಆಗತೈತಿ."

ಮರುದಿನ ಇಬ್ಬರೂ ಡಾಕ್ಟರಮ್ಮನ ಮುಂದೆ ನಿಜ ಹೇಳಿದೆವು. ಅವರು ಕನ್ನಡಕ ತೆಗೆದು ನಮ್ಮನ್ನು ನೋಡಿ, ಚೆನ್ನಾಗಿ ಬೈದು, ಬರೆದದ್ದನ್ನು ಹೊಡೆದುಹಾಕಿ ಬೇರೆ ಬರೆದುಕೊಂಡರು. ಟೆಸ್ಟ್ ರಿಪೋರ್ಟ್ ಬರುವವರೆಗಿನ ದಿನಗಳನ್ನು ವಿವರಿಸಲು ನನಗೆ ಬರುವುದಿಲ್ಲ. ಊಟ ಮಾಡಿದೆವು, ಕೆಲಸಕ್ಕೆ ಹೋದೆ, ಬಂದೆ. ರೆಸಿಸ್ಟೆನ್ಸ್ ಇರಲಿಲ್ಲ. ಹಳೆಯ ಮಾತ್ರೆಗಳೇ ಸಾಕು, ಮೊದಲಿನಿಂದ ಶುರುಮಾಡಬೇಕು ಎಂದರು. ಲ್ಯಾಬ್‌ನವರು ಬೇರೆಯವರ ರಿಪೋರ್ಟ್ ಕೊಟ್ಟಿರಬಹುದೇ ಎಂದು ಹೆಸರನ್ನು ಮೂರು ಸಲ ಓದಿದೆ. ಆಮೇಲೆ ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತು ಅತ್ತೆ.

ಸಭೆಗೆ ಹೋಗಬಹುದು ಎಂದು ಡಾಕ್ಟರಮ್ಮ ಹೇಳಿದ ಮೊದಲ ಭಾನುವಾರವೇ ವಿಮಲಾ ಸಾಕ್ಷಿಯ ಹೊತ್ತಿಗೆ ಎದ್ದಳು. ಪೂರ್ತಿ ವಾಸಿಯಾಗಿದೆ ಎಂದು ಹೇಳಿದ್ದು ಸುಳ್ಳು, ಗುಳಿಗಿ ಬಿಟ್ಟಿದ್ದೆ, ಈಗ ತಗೋಳಾಕತ್ತೀನಿ, ಎಂದಳು. ಅಷ್ಟೇ. ಸ್ತೋತ್ರ ಅನ್ನಬೇಕೋ ಬೇಡವೋ ಯಾರಿಗೂ ತಿಳಿಯಲಿಲ್ಲ. ಪಾಸ್ಟರ್ ಒಬ್ಬರೇ ಅಂದರು, ಸ್ವಲ್ಪ ಜೋರಾಗಿ. ಹಿಂದಿನ ಸಾಲಿನ ಇಬ್ಬರು ಹೆಂಗಸರು ಪಿಸುಗುಟ್ಟಿದ್ದು ನನಗೆ ಕೇಳಿಸಿತು.

ನಮ್ಮಲ್ಲಿ ತಿಂಗಳ ಮೊದಲ ಭಾನುವಾರ ಕರ್ತನ ಭೋಜನ. ರೊಟ್ಟಿಯ ಚೂರು, ಸಣ್ಣ ಗ್ಲಾಸಿನಲ್ಲಿ ದ್ರಾಕ್ಷಾರಸ. ಒಬ್ಬರ ಮೇಲೊಬ್ಬರಿಗೆ ಮುನಿಸಿದ್ದರೆ ಮೊದಲು ಅದನ್ನು ತೀರಿಸಿಕೊಂಡು ಆಮೇಲೆ ಮೇಜಿನ ಹತ್ತಿರ ಹೋಗಬೇಕು ಎನ್ನುವುದು ಹಿರಿಯರು ನಡೆಸಿಕೊಂಡು ಬಂದ ಪದ್ಧತಿ. ಹೆಚ್ಚಿನವರು ಇದನ್ನು ಅಷ್ಟು ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ. ವಿಮಲಾ ಹಚ್ಚಿಕೊಂಡಳು. ಮೊದಲ ತಿಂಗಳು ಎಲ್ಲರೂ ಎದ್ದು ಹೋದರು, ಅವಳು ಬೆಂಚಿನ ಮೇಲೆ ಕುಳಿತೇ ಇದ್ದಳು. ನಾನೂ ಕುಳಿತೆ. ಎರಡನೆಯ ತಿಂಗಳೂ ಹಾಗೇ. ಮನೆಯಲ್ಲಿ ಮಾತು, ಊಟ ಎಲ್ಲ ಇತ್ತು. ನನ್ನ ಎದುರಿಗೇ ಮಾತ್ರೆ ನುಂಗುತ್ತಿದ್ದಳು, ಆದರೆ ನನ್ನ ಕಡೆ ನೋಡುತ್ತಿರಲಿಲ್ಲ.

ಈಗ ಅವಳ ತೂಕ ನಾಲ್ಕು ಕೆ.ಜಿ. ಏರಿದೆ. ಇನ್ನೂ ಎರಡು ತಿಂಗಳ ಮಾತ್ರೆ ಬಾಕಿ. ವಾಸಿಯಾಗಿದ್ದಾಳೆ ಎಂದು ನಾನು ಬರೆಯುವುದಿಲ್ಲ. ವಾಸಿಯಾಗುತ್ತಿದ್ದಾಳೆ.

ಕಳೆದ ಭಾನುವಾರ ಮತ್ತೆ ಕರ್ತನ ಭೋಜನವಿತ್ತು. ಸಾಲು ಮುಂದೆ ಸರಿಯಿತು. ನಾನು ನೆಲ ನೋಡುತ್ತಾ ಕುಳಿತಿದ್ದೆ. ಪಕ್ಕದಲ್ಲಿ ಸೀರೆಯ ಸದ್ದಾಯಿತು. ವಿಮಲಾ ಎದ್ದು ನಿಂತಿದ್ದಳು.

"ಏಳ್ರಿ," ಎಂದಳು.

ನಿಜವಾಗಿಯೂ ಕ್ಷಮಿಸಿದ್ದಾಳೆಯೇ, ಅಥವಾ ಜನ ನೋಡುತ್ತಾರೆಂದು ಎದ್ದಳೇ, ಪಾಸ್ಟರ್ ಏನಾದರೂ ಹೇಳಿ ಕಳಿಸಿದ್ದರೇ ಎಂದು ಒಂದೇ ಉಸಿರಿನಲ್ಲಿ ಮೂರು ಪ್ರಶ್ನೆ ಬಂದವು. ಖರೇನಾ ಎಂದು ಕೇಳಲು ಬಾಯಿ ತೆರೆದೆ.

ಕೇಳಲಿಲ್ಲ. ಎದ್ದು ಅವಳ ಹಿಂದೆ ಹೋದೆ.