ಬೆರಿಲ್ ಬಾಯಿ ಮುಚ್ಚಿಕೊಂಡು ನಡೆದದ್ದು

ಬೆರಿಲ್ ಟ್ರಾಂಟರ್ ಹತ್ತು ಮೈಲಿ ದೂರ ಬಾಯಿ ಮುಚ್ಚಿಕೊಂಡು ನಡೆಯುತ್ತಾಳಂತೆ ಎಂಬ ಸುದ್ದಿ ಹಬ್ಬಿದಾಗ ಡಡ್ಲಿ ಮಾರ್ಕೆಟ್ಟಿನಲ್ಲಿ ಯಾರೂ ನಂಬಲಿಲ್ಲ. ನಂಬುವುದಾದರೂ ಹೇಗೆ? ಅವಳದು ಕಾಲುಚೀಲದ ಅಂಗಡಿ. ಒಂದು ಜೊತೆ ಕಾಲುಚೀಲಕ್ಕೆ ಹೋದವರು ಅವಳ ಮಂಡಿನೋವು, ಪಕ್ಕದ ಮನೆಯ ಬೆಕ್ಕಿನ ಬಸಿರು, ಪಾದ್ರಿಯ ಹೊಸ ಕಾರು ಎಲ್ಲವನ್ನೂ ಕೇಳಿಸಿಕೊಂಡ ಮೇಲೆಯೇ ಚಿಲ್ಲರೆ ಕೈಗೆ ಬರುತ್ತಿತ್ತು. ಹಿಡಿಯಬೇಕಾದ ಬಸ್ಸು ಕಣ್ಣೆದುರೇ ಹೊರಟುಹೋದರೂ ಅವಳು ಬಿಡುತ್ತಿರಲಿಲ್ಲ. ಕೆಟ್ಟವಳಲ್ಲ, ಆ ಮಾತು ಬೇರೆ. ಬಾಯಿ ಮಾತ್ರ ಅವಳ ಕೈಯಲ್ಲಿರಲಿಲ್ಲ.

ಇದಕ್ಕೆಲ್ಲ ಕಾರಣ ಮೀನಂಗಡಿಯ ಟ್ರೆವರ್. ಸಾಯುವ ಹೊತ್ತಿನವರನ್ನು ನೋಡಿಕೊಳ್ಳುವ ಆರೈಕೆ ಮನೆಯೊಂದು ಊರಲ್ಲಿದೆ. ಅದರ ಸಹಾಯಕ್ಕೆಂದು ಪ್ರತಿ ಮೇ ತಿಂಗಳಲ್ಲಿ ಕಾಲುವೆ ದಂಡೆಯ ಮೇಲೆ ಬರ್ಮಿಂಗ್‌ಹ್ಯಾಮಿನವರೆಗೆ ಜನ ನಡೆಯುತ್ತಾರೆ. ನಡೆಯುವವರು ಮೊದಲೇ ಊರೆಲ್ಲ ತಿರುಗಿ, ನಡೆದು ಮುಗಿಸಿದರೆ ಇಷ್ಟು ಕೊಡುತ್ತೇನೆ ಎಂದು ಬರೆಸಿಕೊಳ್ಳಬೇಕು. ಬೆರಿಲ್ ವರ್ಷಾ ವರ್ಷಾ ನಡೆದು ನಡೆದು, ಬರೆಸಿಕೊಳ್ಳಲು ಬಂದರೆ ಜನ ಮುಖ ತಿರುಗಿಸುವ ಹಾಗಾಗಿತ್ತು.

"ನೀನು ನಡೆಯೋದಕ್ಕೆ ಯಾರು ಕೊಡ್ತಾರಮ್ಮಾ? ಬಾಯಿ ಮುಚ್ಕೊಂಡು ನಡಿ, ಎರಡರಷ್ಟು ಕೊಡ್ತೀನಿ. ಒಂದೇ ಒಂದು ಮಾತು ಆಡಿದ್ಯೋ, ಬಿಡಿಗಾಸೂ ಇಲ್ಲ" ಅಂದ ಟ್ರೆವರ್.

"ಬರಿಯೋ ಹಾಗಾದ್ರೆ!" ಅಂದಳು ಬೆರಿಲ್. ಇಡೀ ಮಾರ್ಕೆಟ್ಟು ಬರೆಯಿತು. ಹುಟ್ಟಿದಂದಿನಿಂದ ಯಾರಿಗೂ ಏನೂ ಕೊಡದ ಮಾಂಸದಂಗಡಿಯವನೂ ನಗುತ್ತ ಬರೆದ.

ಅವಳಿಗೆ ಇದು ನಗೆಚಾಟಿಕೆಯಲ್ಲ. ಅವಳ ತಾಯಿ ಐವಿ ಕೊನೆಯುಸಿರೆಳೆದದ್ದು ಅದೇ ಆರೈಕೆ ಮನೆಯಲ್ಲಿ. ಬೆರಿಲ್ ದಿನಾ ಸಂಜೆ ಅಂಗಡಿ ಮುಚ್ಚಿ ಓಡುತ್ತಿದ್ದಳು. ಹೋದಾಗೆಲ್ಲ ಅಮ್ಮನ ಬಿಳಿ ಕೂದಲು ಮದುವೆಗೆ ಹೊರಟವಳ ಹಾಗೆ ಸುರುಳಿ ಸುರುಳಿಯಾಗಿ ಕೂತಿರುತ್ತಿತ್ತು. "ಸಾಯೋ ಮುದುಕಿಗೆ ದಿನಾ ತಲೆ ಸಿಂಗಾರ ಮಾಡ್ತಾರೆ ನೋಡಿ! ಆ ನರ್ಸುಗಳ ಹೊಟ್ಟೆ ತಣ್ಣಗಿರಲಿ" ಎಂದು ಅವಳು ಕಂಡಕಂಡವರಿಗೆ ಹೇಳಿದ್ದಳು. ಅದರ ಬೆನ್ನಿಗೇ ಇನ್ನೊಂದು ಮಾತೂ ಬರುತ್ತಿತ್ತು: "ನಮ್ಮ ನೊರೀನ್ ಮಾತ್ರ ಒಂದು ದಿನಾನೂ ಬರಲಿಲ್ಲ. ಹೆತ್ತ ತಾಯಿ!" ತಂಗಿ ನೊರೀನಳಿಗೂ ಅವಳಿಗೂ ಅಪ್ಪ ಸತ್ತಾಗಿನಿಂದಲೇ ಮಾತಿರಲಿಲ್ಲ. ಅಮ್ಮನನ್ನು ಮಣ್ಣು ಮಾಡಿದ ದಿನ ನೊರೀನ್ ಇಗರ್ಜಿಯ ಹಿಂದಿನ ಬೆಂಚಿನಲ್ಲಿ ಕೂತು ಹಾಗೇ ಎದ್ದು ಹೋಗಿದ್ದಳು. ಊರಿಡೀ ಅವಳನ್ನು ಕಲ್ಲೆದೆಯವಳು ಎಂದೇ ತಿಳಿದಿತ್ತು. ತಿಳಿಸಿದವಳು ಬೆರಿಲ್.

ನಡಿಗೆಯ ಭಾನುವಾರ ಕಾಲುವೆ ದಂಡೆಯ ವಿಂಡ್‌ಮಿಲ್ ಎಂಡಿನಲ್ಲಿ ಜನ ಸೇರಿದರು. ಎಲ್ಲರ ಬೆನ್ನಿಗೂ ಒಂದೊಂದು ಬಟ್ಟೆಯ ತುಂಡು, ಅದರ ಮೇಲೆ ಯಾರ ನೆನಪಿಗೆ ನಡೆಯುತ್ತಿದ್ದಾರೋ ಅವರ ಹೆಸರು. ಬೆರಿಲ್ ಕಾವಲಿಗೆ ಟ್ರೆವರ್ ತಾನೇ ಬಂದಿದ್ದ. ಪೀಪಿ ಊದಿದ್ದೇ ತಡ, ಅವಳ ಬಾಯಿ ಬಂದ್.

"ಬೆರಿಲ್, ನಿನ್ನ ಲೇಸು ಬಿಚ್ಚಿದೆ!" ಅಂದ ಟ್ರೆವರ್. ಅವಳು ಬಗ್ಗಿ ನೋಡಿದಳು. ಬಿಚ್ಚಿರಲಿಲ್ಲ. ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿ, ಅವನ ಬೆನ್ನಿಗೆ ಒಂದು ಗುದ್ದು ಕೊಟ್ಟಳು. ಅದಕ್ಕೆ ನಿಯಮದಲ್ಲಿ ಅಡ್ಡಿಯಿರಲಿಲ್ಲ.

ಕಾಲುವೆ ಹಾದುಹೋಗುವ ಸುರಂಗದ ಬಾಯಿ ಹತ್ತಿರವಾದಾಗ ಮುಂದಿನ ಬೆನ್ನೊಂದು ಕಣ್ಣಿಗೆ ಬಿತ್ತು. 'ನಮ್ಮ ಅಮ್ಮ ಐವಿಗಾಗಿ' ಎಂದು ಬರೆದಿತ್ತು. ಬೆರಿಲ್ ಬೆನ್ನಿನ ಮೇಲಿದ್ದದ್ದೂ ಅದೇ. ಆ ಬೆನ್ನು ತಿರುಗಿತು. ನೊರೀನ್!

ಬೆರಿಲ್‌ಗೆ ಮೈಯೆಲ್ಲ ಉರಿದುಹೋಯಿತು. ಯಾವ ಮುಖ ಹೊತ್ತುಕೊಂಡು ಬಂದಿದ್ದಾಳೆ ಇವಳು? ಅಮ್ಮನ ಹೆಸರು ಬೆನ್ನಿಗೆ ಅಂಟಿಸಿಕೊಳ್ಳಲು ನಾಚಿಕೆ ಬೇಡವೇ? ಬಾಯಿ ತೆರೆದೇಬಿಟ್ಟಳು. ಟ್ರೆವರ್ ಕಿವಿಗೆ ಕೈ ಹಿಡಿದು, ಹಲ್ಲು ಕಿರಿಯುತ್ತ ಕಾದ. ಬೆರಿಲ್ ಬಾಯಿ ಮುಚ್ಚಿ, ಬುಸುಗುಟ್ಟುತ್ತ ಸುರಂಗದೊಳಗೆ ನುಗ್ಗಿದಳು.

ನೆದರ್ಟನ್ ಸುರಂಗ ಅಂದರೆ ಎರಡು ಮೈಲಿಗೆ ಸ್ವಲ್ಪ ಕಡಿಮೆ, ಕಗ್ಗತ್ತಲೆ. ಪಕ್ಕದಲ್ಲಿ ಕಪ್ಪು ನೀರು, ಕೈಗೆ ಕಬ್ಬಿಣದ ಕಂಬಿ, ಮೇಲಿನ ಗಾಳಿಕಿಂಡಿಗಳಿಂದ ತಲೆಯ ಮೇಲೆ ತಣ್ಣೀರು. ಒಬ್ಬರ ಹಿಂದೆ ಒಬ್ಬರು ನಡೆಯಬೇಕು. ಅಷ್ಟು ದಪ್ಪ ಆಳಾದ ಟ್ರೆವರ್‌ಗೆ ಕತ್ತಲೆಯೆಂದರೆ ಜೀವಭಯ. ಟಾರ್ಚು ಹಿಡಿದು ಗಂಟಲು ಹರಿಯುವಂತೆ ಹಾಡುತ್ತ ಮುಂದೆ ಓಡಿಬಿಟ್ಟ. ಬೆರಿಲ್ ಹಿಂದೆ ಯಾವುದೋ ಹೆಜ್ಜೆ ಸದ್ದು ಹತ್ತಿರವಾಯಿತು.

"ತಿರುಗಬೇಡ ಕಣೇ, ನಡೀತಾ ಇರು. ನಮ್ಮ ಬ್ಯೂಟಿ ಪಾರ್ಲರಿನ ಹುಡುಗಿ ಹೆಸರಲ್ಲಿ ನಾನೂ ನಿನಗೆ ದುಡ್ಡು ಬರೆಸಿದ್ದೀನಿ. ನೀನು ಸುಮ್ಮನಿರೋದು ನನ್ನ ಜನ್ಮದಲ್ಲಿ ಇದೊಂದೇ ಸಲ, ಬಿಡೋಕಾಗುತ್ತಾ?" ಅಂದಿತು ನೊರೀನಳ ದನಿ.

ಬೆರಿಲ್ ಕಂಬಿಯನ್ನು ಗಟ್ಟಿಯಾಗಿ ಹಿಡಿದಳು.

"ಅಮ್ಮನ ತಲೆ ಯಾರು ಬಾಚ್ತಿದ್ರು ಅಂದ್ಕೊಂಡಿದ್ದೀಯ? ನರ್ಸುಗಳಾ? ಪಾಪ, ಅವರಿಗೆ ಊಟ ಮಾಡೋಕೂ ಪುರುಸೊತ್ತಿರಲಿಲ್ಲ."

ನೀರು ತೊಟ್ಟಿಕ್ಕುತ್ತಿತ್ತು. ದೂರದಲ್ಲಿ ಟ್ರೆವರ್ ರಾಗ ತಪ್ಪಿ ಕೂಗುತ್ತಿದ್ದ.

"ದಿನಾ ಮಧ್ಯಾಹ್ನ ನೀನು ಅಂಗಡೀಲಿರೋ ಹೊತ್ತಿಗೆ ಬರ್ತಿದ್ದೆ. ಸುರುಳಿ ಹಾಕಿ, ಒಣಗಿಸಿ, ನೀನು ಬರೋದರೊಳಗೆ ಹೋಗ್ತಿದ್ದೆ. ನಿನಗೆ ಹೇಳಿಬಿಡ್ತೀನಿ ಅಂದೆ. ಅಮ್ಮ ಬೇಡವೇ ಬೇಡ ಅಂದ್ಲು. 'ಬೆರಿಲ್ ಎಲ್ಲಾನೂ ತಾನೊಬ್ಬಳೇ ಮಾಡ್ತಿದ್ದೀನಿ ಅಂದ್ಕೊಂಡಿದ್ದಾಳೆ. ಅದೊಂದು ಸಮಾಧಾನ ಅವಳಿಗಿರಲಿ ಬಿಡೇ' ಅಂದ್ಲು. ಮಾತು ಕೊಟ್ಟಿದ್ದೆ. ಆದ್ರೆ ಮೊನ್ನೆ ಪಾರ್ಲರಿನಲ್ಲಿ ಯಾರೋ ಹೊಸಬಳು, ತಾಯಿ ಮುಖ ನೋಡದ ನೊರೀನ್ ಅಂದ್ರೆ ಯಾರು ಅಂತ ನನ್ನನ್ನೇ ಕೇಳಿದ್ಲು. ಸಾಕಾಯ್ತು ಬೆರಿಲ್."

ಬೆರಿಲ್‌ಗೆ ಆ ಸುರುಳಿಗಳು ಕಣ್ಣಿಗೆ ಕಟ್ಟಿದವು. ಕಿವಿಯ ಪಕ್ಕ ಒಂದು ಸುರುಳಿ ಮಾತ್ರ ಹಿಂದಕ್ಕೆ ತಿರುಗಿರುತ್ತಿತ್ತು. ಚಿಕ್ಕಂದಿನಲ್ಲಿ ನೊರೀನ್ ಗೊಂಬೆಗಳಿಗೆ ಹಾಕುತ್ತಿದ್ದದ್ದೂ ಹಾಗೆಯೇ. ಇಷ್ಟು ವರ್ಷ ಅದು ಹೊಳೆಯಲಿಲ್ಲವಲ್ಲ, ಥೂ! ಅಳು ಬಂತು. ಅಳುವುದಕ್ಕೆ ಸದ್ದು ಬೇಕಿಲ್ಲವಾದ್ದರಿಂದ ಅಳುತ್ತಲೇ ನಡೆದಳು.

ಬೆಳಕಿಗೆ ಬಂದಾಗ ಟ್ರೆವರ್ ಅವಳ ಮುಖ ನೋಡಿ ಗಾಬರಿಯಾದ. "ಏನಾಯ್ತಮ್ಮಾ? ಕಾಲಲ್ಲಿ ಬೊಬ್ಬೆ ಎದ್ದಿದ್ಯಾ? ಬೇಕಾದ್ರೆ ಮಾತಾಡು, ನಾನು ಕೇಳಿಸಿಕೊಂಡಿಲ್ಲ ಅಂತೀನಿ" ಅಂದ. ಅವಳು ಬೇಡವೆಂದು ತಲೆಯಾಡಿಸಿದಳು. ಮಾತಾಡಿದರೆ ಆರೈಕೆ ಮನೆಗೆ ಏನೂ ಸಿಗುವುದಿಲ್ಲ. ಮೋಸ ಮಾಡಿ ಗೆದ್ದರೆ ಅದು ಗೆದ್ದಂತಲ್ಲ.

ಕಾರ್ಖಾನೆಗಳ ಹಿತ್ತಿಲು, ಹೆದ್ದಾರಿಯ ಕಂಬಗಳು, ದಾರಿ ಬಿಡದ ಬಾತುಗಳು ಎಲ್ಲ ಒಂದೊಂದಾಗಿ ಹಿಂದಾದವು. ಅಕ್ಕತಂಗಿ ಜೊತೆಯಾಗಿ ನಡೆದರು. ದಾರಿಯ ಸ್ಮೆತಿಕ್ ಊರಿನಲ್ಲಿ ನೊರೀನ್ ಮೊಟ್ಟೆಯ ಸ್ಯಾಂಡ್‌ವಿಚ್ ಬಿಚ್ಚಿ ಅರ್ಧ ನೀಡಿದಳು. ಬೆರಿಲ್ ಒಂದು ಗಳಿಗೆ ಅದನ್ನೇ ನೋಡಿ, ತೆಗೆದುಕೊಂಡು ತಿಂದಳು.

ಬರ್ಮಿಂಗ್‌ಹ್ಯಾಮಿನ ಗ್ಯಾಸ್ ಸ್ಟ್ರೀಟಿನಲ್ಲಿ ನಡಿಗೆ ಮುಗಿಯುವ ಕಡೆ ಅರ್ಧ ಮಾರ್ಕೆಟ್ಟೇ ಬಂದು ನಿಂತಿತ್ತು. ಬೆರಿಲ್ ಗೆರೆ ದಾಟಿದಾಗ ಸಿಳ್ಳೆ, ಚಪ್ಪಾಳೆ. ಮಾಂಸದಂಗಡಿಯವನ ಮುಖ ಮಾತ್ರ ಇಳಿದುಹೋಗಿತ್ತು. ಟ್ರೆವರ್ ಲಾಟರಿ ಚೀಟಿ ಕೂಗುತ್ತಿದ್ದವಳ ಕೈಯಿಂದ ಧ್ವನಿವರ್ಧಕ ಕಿತ್ತು ಬೆರಿಲ್ ಕೈಗೆ ತುರುಕಿದ. "ಕಟ್ಟಿಟ್ಟಿದ್ದೆಲ್ಲ ಬಿಡು ತಾಯಿ, ಇಲ್ಲಾಂದ್ರೆ ಒಡೆದುಹೋಗ್ತೀಯ!"

ಜನ ನಕ್ಕರು. ಬೆರಿಲ್ ನಗಲಿಲ್ಲ. ಧ್ವನಿವರ್ಧಕವನ್ನು ಬಾಯಿಗೆ ಹಿಡಿದಳು.

"ನಮ್ಮ ನೊರೀನ್ ಅಮ್ಮನ ಹತ್ತಿರ ದಿನಾ ಬರ್ತಿದ್ಲು. ಆ ತಲೆ ಸಿಂಗಾರ ಇವಳದ್ದೇ. ಬರಲಿಲ್ಲ ಅಂತ ನಿಮಗೆಲ್ಲ ಹೇಳಿದ್ದು ನಾನು. ನಾನು ಹೇಳಿದ್ದು ತಪ್ಪು. ನೀವು ಇನ್ಯಾರಿಗಾದ್ರೂ ಹೇಳಿದ್ರೆ, ಹೋಗಿ ಅವರಿಗೂ ತಿದ್ದಿ ಹೇಳಿ."

ನೊರೀನ್ ಕಿವಿಯವರೆಗೆ ಕೆಂಪಾಗಿ, ಅವಳ ತೋಳು ಹಿಡಿದೆಳೆದಳು.

"ಅಯ್ಯೋ, ಹೇಳಬೇಡ ಅಂದಿದ್ಲಲ್ಲೇ ಅಮ್ಮ!"

"ನಿನಗಂದಿದ್ಲು. ನನಗೆ ಅಂದಿರಲಿಲ್ಲ" ಅಂದಳು ಬೆರಿಲ್.